ಮಾವನವರ ಡ್ರೈವಿಂಗೂ ಒಂದು ರಷ್ಯನ್ ಪದವೂ

ಕಾರು ಗ್ಯಾರೇಜಿಗೆ ಬಂದು ನಿಂತ ಮೇಲೆ ಮಾವನವರು ಪ್ರತಿ ಸಲವೂ ಕೇಳುತ್ತಿದ್ದರು: "ಹೇಗಿತ್ತಮ್ಮಾ ನನ್ನ ಡ್ರೈವಿಂಗು?" ನಾನೂ ಪ್ರತಿ ಸಲ ಹೇಳುತ್ತಿದ್ದೆ: "ನೀವು ಓಡಿಸಿದ್ರೆ ನಂಗೆ ಆರಾಮಾಗಿ ನಿದ್ದೆ ಬರತ್ತೆ ಮಾವ." ಮೈಸೂರಿನಲ್ಲಿ ಬೆಳೆದ ಸೊಸೆ ಇನ್ನೇನು ಹೇಳಿಯಾಳು?

ಆ ಮಂಗಳವಾರ ಮಾತ್ರ ಜೀವ ಬಾಯಿಗೆ ಬಂದಿತ್ತು. ಅಮೆರಿಕದ ನೋವೈ ಊರಿನ ನಮ್ಮ ಬಡಾವಣೆಯಲ್ಲಿ, ಮನೆಗೆ ಮೂರೇ ಮನೆ ಮೊದಲು, ಅವರು ಕಾರು ನಿಲ್ಲಿಸದೆಯೇ ಸ್ಟಾಪ್ ಸೈನ್ ದಾಟಿಬಿಟ್ಟರು. ಬಲಗಡೆಯಿಂದ ಬಂದ ವ್ಯಾನು ಕಿರ್ರೆಂದು ನಿಂತಿತು. ಹಿಂದಿನ ಸೀಟಿನಲ್ಲಿ ನನ್ನ ಏಳು ವರ್ಷದ ಮಗಳಿದ್ದಳು. ಇಳಿಯುವಾಗ ಮಾವ ಅದೇ ಪ್ರಶ್ನೆ ಕೇಳಿದರು. ನನ್ನ ಬಾಯಿ ಅದೇ ಉತ್ತರ ಕೊಟ್ಟಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎದುರುಮನೆಯ ರಷ್ಯನ್ ಅಜ್ಜಿ ಅಂಚೆ ಪೆಟ್ಟಿಗೆಯ ಬಳಿ ನಿಂತು ಎಲ್ಲ ನೋಡಿದ್ದರು. ಒಂದು ಕಾಲದಲ್ಲಿ ಮಕ್ಕಳಿಗೆ ಭಾಷೆ ಕಲಿಸಿದವರು. ಮಾವ ಒಳಗೆ ಹೋದ ಮೇಲೆ ನನ್ನನ್ನು ಕರೆದು, ಅವರಿಗೇನು ಹೇಳಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿರಿಯರಲ್ಲವೇ, ಸ್ವಲ್ಪ ಬೆಣ್ಣೆ ಹಚ್ಚಿದೆ ಎಂದು ನಗಲು ಹೋದೆ. ಅವರು ನಗಲಿಲ್ಲ. ಅದಕ್ಕೆ ತಮ್ಮಲ್ಲಿ 'ಲೆಸ್ತ್' ಅನ್ನುತ್ತಾರೆ, ಹಳೆಯ ಕಾಲದಲ್ಲಿ ಅದರ ಅರ್ಥ ಮೋಸ ಎಂದಿತ್ತು, ಗಾತ್ ಎಂಬ ಹಳೆಯ ಜರ್ಮನ್ ಬುಡಕಟ್ಟಿನವರ ಮಾತಿನಿಂದ ಬಂದದ್ದಂತೆ, ಅವರಲ್ಲಿ ಅದು ಕುಯುಕ್ತಿ ಎಂದರು. ಹೊಗಳಿಕೆಯ ಸಿಹಿ ಆಮೇಲೆ ಸೇರಿಕೊಂಡದ್ದಂತೆ.

ನಮ್ಮ ಮನೆಯ ಮರ್ಯಾದೆ ಈ ಮುದುಕಿಗೇನು ಗೊತ್ತು ಎಂದು ಸಿಟ್ಟು ಬಂತು. ಆದರೂ ಆ ಪದ ಗಂಟಲಲ್ಲೇ ಕೂತಿತ್ತು. ಶನಿವಾರ ಬೇರೆ ಹತ್ತಿರ ಬರುತ್ತಿತ್ತು. ಮೊಮ್ಮಗಳನ್ನು ಬಾಲಾಜಿ ದೇವಸ್ಥಾನದ ಶ್ಲೋಕ ಕ್ಲಾಸಿಗೆ ಕರೆದೊಯ್ಯುವುದು ಮಾವನವರ ಕೆಲಸ, ಅದೂ ಗಾಡಿಗಳು ಧಾವಿಸುವ ಫ್ರೀವೇಯಲ್ಲಿ.

ಶನಿವಾರ ಬೆಳಿಗ್ಗೆ ಅವರು ಕೀ ಹಿಡಿದು ನಿಂತಿದ್ದರು. ಮಗಳು ಶೂ ಹಾಕುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮಾವ, ಇವತ್ತು ನೀವು ಓಡಿಸೋದು ಬೇಡ."

"ಯಾಕಮ್ಮಾ? ಮೊನ್ನೆ ತಾನೇ ಚೆನ್ನಾಗಿತ್ತು ಅಂದ್ಯಲ್ಲ?"

"ಸುಳ್ಳು ಹೇಳಿದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಕೀಯನ್ನು ನಿಧಾನವಾಗಿ ನನ್ನ ಅಂಗೈಯಲ್ಲಿಟ್ಟು ಅಲ್ಲೇ ಕುರ್ಚಿಯಲ್ಲಿ ಕುಳಿತರು.

"ಎರಡು ತಿಂಗಳಿಂದ ಬಲಗಣ್ಣು ಮಂಜಾಗಿದೆ ಕಣಮ್ಮಾ. ಅದಕ್ಕೇ ದಿನಾ ನಿನ್ನ ಕೇಳ್ತಿದ್ದೆ."