ತಿಪ್ಪೆಗೆ ಬಿದ್ದ ಮೂರು ಮೊಟ್ಟೆ

ನಲ್ಲೂರಿನಲ್ಲಿ ಯಾರ ಮನೆಯ ಕೋಳಿಯನ್ನು ಕಾವಿಗೆ ಕೂರಿಸಬೇಕಾದರೂ ನಮ್ಮತ್ತೆ ಅಶ್ವತ್ಥಮ್ಮನೇ ಬರಬೇಕು. ಅವರು ಆರಿಸಿಟ್ಟ ಮೊಟ್ಟೆ ಮರಿಯಾಯಿತೆಂದೇ ಲೆಕ್ಕ. ಕೈಗುಣ ಅಂಥದ್ದು. ಅದರ ಜಂಬವೂ ಕಡಿಮೆಯಿರಲಿಲ್ಲ, ಸುಳ್ಳೇಕೆ ಹೇಳಲಿ.

ನನ್ನ ಮಗಳು ಅಕ್ಷತ ಪಿಲ್ಲಗುಂಪೆಯ ಫ್ಯಾಕ್ಟರಿಗೆ ಹೋಗುವವಳು. ಆಸೆಪಟ್ಟು ಜುಟ್ಟಿನ ಕಾಕಟೀಲ್ ಹಕ್ಕಿಗಳ ಜೋಡಿ ತಂದಿದ್ದಳು. ಹೆಣ್ಣು ನಾಲ್ಕು ಮೊಟ್ಟೆಯಿಟ್ಟಾಗ ಹುಡುಗಿಗೆ ಅನ್ನ ನೀರು ಬೇಡವಾಯಿತು.

"ಅಜ್ಜಿ, ನಾನು ಡ್ಯೂಟಿಗೆ ಹೋದಾಗ ನೀನೇ ನೋಡ್ಕೋಬೇಕು. ಒಂದೂ ಹಾಳಾಗ್ಬಾರ್ದು."

"ಹೋಗೇ, ನಂಗೇ ಹೇಳ್ಕೊಡೋಕೆ ಬಂದ್ಬಿಟ್ಲು!" ಎಂದರು ಅತ್ತೆ.

ಸೋಮವಾರ ಒಂದು ಮರಿ ಹೊರಬಂತು. ಮಂಗಳವಾರ ಮಧ್ಯಾಹ್ನವಾದರೂ ಉಳಿದ ಮೂರು ಮೊಟ್ಟೆ ಹಾಗೇ ಇದ್ದವು. ಕೋಳಿಯಾದರೆ ಹೆಚ್ಚುಕಡಿಮೆ ಒಂದೇ ದಿನ ಎಲ್ಲ ಮರಿಯೂ ಏಳುತ್ತವೆ. ಉಳಿದದ್ದು ಕೊಳೆತದ್ದೆಂದು ತಿಪ್ಪೆಗೆ ಎಸೆಯುವುದು ರೂಢಿ. ಅತ್ತೆ ಗೂಡಿಗೆ ಕೈಹಾಕಿದರು. ತಾಯಿಹಕ್ಕಿ ಬುಸುಗುಟ್ಟಿ ಬೆರಳು ಕಚ್ಚಿತು.

"ಅಕ್ಷತ ಬರ್ಲಿ ಇರಿ ಅತ್ತೆ," ಎಂದೆ.

"ಸುಮ್ನಿರಮ್ಮ. ಕೊಳೆತಿದ್ದು ಒಡ್ಕೊಂಡ್ರೆ ಇರೋ ಮರೀಗೂ ಕೇಡು."

ನನಗೆ ರೇಗಿತು. ಏನಾದರೂ ಮಾಡಿಕೊಳ್ಳಲಿ ಎಂದು ಒಳಗೆ ಹೋದೆ. ಕೈ ಹಿಡಿದು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

"ಅಯ್ಯಯ್ಯೋ, ಬಾರೇ ಇಲ್ಲಿ!" ಎಂಬ ಕೂಗಿಗೆ ಎದ್ದುಬಿದ್ದು ಓಡಿದೆ. ತಿಪ್ಪೆಯ ಮೇಲೆ ಒಂದು ಮೊಟ್ಟೆ ಒಡೆದಿತ್ತು. ಚಿಪ್ಪಿನೊಳಗೆ ಕಡಲೆಕಾಯಿಯಷ್ಟು ಮರಿ ಕೊಕ್ಕು ತೆರೆದು ಮುಚ್ಚುತ್ತಿತ್ತು. ಜೀವಂತ! ಅತ್ತೆ ಸೆರಗಿನಲ್ಲಿ ಎತ್ತಿಕೊಂಡು ಊದಿದರು. ನೋಡುತ್ತಿದ್ದಂತೆಯೇ ಕೊಕ್ಕು ಆಡುವುದು ನಿಂತಿತು.

ಒಡೆಯದೆ ಉಳಿದ ಎರಡನ್ನು ನಾನೇ ಗೂಡಿಗೆ ಸೇರಿಸಿದೆ. ಈ ಹಕ್ಕಿಯ ಮರಿಗಳು ದಿನ ಬಿಟ್ಟು ದಿನ ಏಳುತ್ತವಂತೆ. ಸಂಜೆ ಬಂದ ಅಕ್ಷತ ಅಳುತ್ತಲೇ ಇದನ್ನು ಹೇಳಿದಳು. "ನಾನೇ ಹೇಳ್ಬೇಕಿತ್ತು, ಬಿಡಜ್ಜಿ," ಎಂದು ಸಮಾಧಾನವನ್ನೂ ಅವಳೇ ಮಾಡಿದಳು. ಶುಕ್ರವಾರ ಒಂದು, ಭಾನುವಾರ ಇನ್ನೊಂದು ಮರಿ ಬಂದಾಗಲೂ ಅತ್ತೆ ಗೂಡಿನ ಹತ್ತಿರ ಸುಳಿಯಲಿಲ್ಲ.

ಮರುವಾರ ಪಕ್ಕದ ಮನೆಯ ವೆಂಕಟರಮಣಪ್ಪ ಬುಟ್ಟಿ ಹಿಡಿದು ಬಂದರು. "ನಮ್ಮ ಕೋಳೀದು ಹನ್ನೊಂದು ಮರಿ ಎದ್ವು ಅಶ್ವತ್ಥಕ್ಕ. ಎರಡು ಉಳ್ಕೊಂಡವೆ, ಎಸೆದ್ಬಿಡ್ಲಾ?"

ಅತ್ತೆ ಒಂದೊಂದನ್ನೇ ಎತ್ತಿ ಕಿವಿಗಿಟ್ಟುಕೊಂಡರು.

"ನಂಗೊತ್ತಿಲ್ಲ ಕಣಪ್ಪ," ಎಂದವರೇ ನನ್ನ ಕಡೆ ತಿರುಗಿದರು. "ನಲವತ್ತು ವರ್ಷದಿಂದ ಎಸೀತಾ ಬಂದಿದೀನಲ್ಲೇ. ಒಂದನ್ನಾದ್ರೂ ಒಡೆದು ನೋಡಿದ್ನಾ?"