ಸೀಲ್ ಒಡೆಯದ ಕ್ಯಾಸೆಟ್ಟು

ಕಳೆದ ವಾರ ನನ್ನ ಮನೆಯ ಒಂದು ಕ್ಯಾಸೆಟ್ಟಿನ ಹಣೆಬರಹ ವಾಟ್ಸ್ಆ್ಯಪಿನಲ್ಲಿ ಮತದಾನದ ಮೂಲಕ ತೀರ್ಮಾನವಾಯಿತು. ಪ್ರಶ್ನೆ ಇಷ್ಟೇ: ಸೀಲ್ ಒಡೆಯಬಹುದೇ? ಬೇಡ ಎಂದವರು ಮೂವತ್ತೆಂಟು ಜನ. ಒಡೆಯಿರಿ ಎಂದವರು ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಸ್ವಲ್ಪ ಹೊತ್ತಿಗೆ "ಸಾರಿ, ಕೈತಪ್ಪಿ ಒತ್ತಿದೆ" ಎಂದು ಬರೆದರು.

ನಗಬೇಡಿ. ಮತಕ್ಕೆ ಹಾಕಿದವಳು ನಾನೇ.

ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತಿರುವುದೇ. ಹಳೆಯ ಸಿನಿಮಾ ಕ್ಯಾಸೆಟ್ಟುಗಳನ್ನು ಕೂಡಿಡುತ್ತೇನೆ. ಅದರಲ್ಲೂ ಹಾಡಿನ ಜೊತೆಗೆ ಟೈಟಲ್ ಮ್ಯೂಸಿಕ್ ಇರುವಂಥವು ಸಿಕ್ಕರೆ ಊಟ ಬೇಡ. (ಥಿಯೇಟರಿನಲ್ಲಿ ತೆರೆಯ ಮೇಲೆ ಹೆಸರುಗಳು ಬರುವಾಗ ನೀವೆಲ್ಲ ಸೀಟು ಹುಡುಕುತ್ತಾ, ಮಕ್ಕಳಿಗೆ ಚಕ್ಕುಲಿ ಹಂಚುತ್ತಾ ಇರುತ್ತೀರಲ್ಲ, ಆಗ ಯಾರಿಗೂ ಬೇಡವಾಗಿ ಮೊಳಗಿ ಹೋಗುವ ಸಂಗೀತ ಅದು.) ಹುಚ್ಚರಿಗೆ ಜೊತೆ ಸಿಗದೆ ಇರುತ್ತದೆಯೇ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಲ್ಕೂ ತಾಲ್ಲೂಕಿನ ನಮ್ಮಂಥವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ.

ಬೆಳಗಾದರೆ ಗುಂಪಿನಲ್ಲಿ ಕ್ಯಾಸೆಟ್ಟಿನ ಫೋಟೊ. ಕೆಳಗೆ "ಮಿಂಟ್ ಕಂಡಿಶನ್", "ಫಸ್ಟ್ ಪ್ರಿಂಟ್", "ಸೀಲ್ಡ್ ಪೀಸ್". ಅದರ ಕೆಳಗೆ ಕೈ ಮುಗಿದ ಚಿಹ್ನೆಗಳು. ಹಾಡು ಹೇಗಿದೆ ಎಂದು ಈವರೆಗೆ ಒಬ್ಬರೂ ಬರೆದದ್ದಿಲ್ಲ. ಇದು ಸಂಗೀತಪ್ರಿಯರ ಗುಂಪೋ, ಸೈಟು ಮಾರುವವರ ಗುಂಪೋ?

ಗುಂಪಿನ ಅಡ್ಮಿನ್ ಜಗಳೂರಿನವರು, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದೆ. ಹಾಲ್ ತುಂಬ ಗಾಜಿನ ಶೋಕೇಸು, ಒಳಗೆ ಬಣ್ಣದ ಲೈಟು, ಸಾಲುಸಾಲು ಕ್ಯಾಸೆಟ್ಟು. ಅವರ ಮನೆಯಾಕೆಯ ಸೀರೆಗಳು ಬೀರುವಿನಿಂದ ಟ್ರಂಕಿಗೆ ವರ್ಗವಾಗಿದ್ದವು. ನಾನು ಒಂದನ್ನು ಕೈಗೆ ತೆಗೆದುಕೊಳ್ಳಲು ಹೋದೆ.

"ಮುಟ್ಟಬ್ಯಾಡ್ರಿ ಮೇಡಂ, ಬೆರಳಿನ ಗುರುತು ಬೀಳ್ತಾವೆ."

"ಸರಿ, ಯಾವುದಾದರೂ ಒಂದು ಹಾಕಿ, ಕೇಳೋಣ."

"ಹಾಕಾಕೆ ಪ್ಲೇಯರ್ ಎಲ್ಲೈತ್ರಿ? ಅದನ್ನ ಮನೇಲಿ ಇಟ್ಕಂಡ್ರೆ ಬರೀ ಧೂಳು."

ಮದುವೆಗೆಂದು ಹೆಣ್ಣು ನೋಡಿ, ನಿಶ್ಚಯ ಮಾಡಿ, ಹೆಣ್ಣಿನ ಬದಲು ಅವಳ ಫೋಟೊಗೆ ಹಾರ ಹಾಕಿ ಕೂತವರ ಹಾಗೆ ಕಂಡರು ನನಗೆ. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಆಡಿಕೊಂಡೆ. ನಾನು ಹಾಗಲ್ಲ, ನಾನು ಕೇಳುವವಳು ಎಂಬ ಹಮ್ಮು ಬೇರೆ.

ನಾನೂ ಹಾಗೆಯೇ ಎಂದು ತೋರಿಸಿಕೊಟ್ಟವರು ದಾದಾಪೀರ್ ಸಾಬರು.

ಕೆಲವು ವರ್ಷಗಳ ಹಿಂದೆ ಬಸವಾಪಟ್ಟಣದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸ್ಟೇಷನರಿ ಅಂಗಡಿಯ ರಟ್ಟಿನ ಡಬ್ಬದ ತಳದಲ್ಲಿ ನನಗೊಂದು ಕ್ಯಾಸೆಟ್ ಸಿಕ್ಕಿತ್ತು. ಮೇಲಿನ ಪ್ಲಾಸ್ಟಿಕ್ ಸೀಲ್ ಹಾಗೇ ಇತ್ತು. ಸಿನಿಮಾದ ಹೆಸರು ಹೇಳುವುದಿಲ್ಲ. (ಹೇಳಿದರೆ ನಾಳೆಯೇ ಹತ್ತು ಜನ ಗೇಟು ಬಡಿಯುತ್ತಾರೆ.) ಒಂದು ವಾರವೂ ಓಡದ ಚಿತ್ರ. ಇದ್ದದ್ದೇ ನಾಲ್ಕು ಹಾಡು, ಉಳಿದ ಜಾಗ ತುಂಬಿಸಲು ಬಿ ಸೈಡಿನ ಕೊನೆಯಲ್ಲಿ ಮೂರು ನಿಮಿಷದ ಟೈಟಲ್ ಮ್ಯೂಸಿಕ್ ಹಾಕಿರುವುದು ಕವರಿನ ಮೇಲೇ ಅಚ್ಚಾಗಿತ್ತು. ಯೂಟ್ಯೂಬಿನಲ್ಲಿ ನಾಲ್ಕೂ ಹಾಡು ಸಿಗುತ್ತವೆ, ಅದು ಮಾತ್ರ ಇಲ್ಲ. ಸಿಕ್ಕಿದ ಖುಷಿಗೆ ಇದೇ ಅಂಕಣದಲ್ಲಿ ಮೆರೆದುಬಿಟ್ಟಿದ್ದೆ. ಇನ್ನೂ ಸೀಲ್ ಒಡೆದಿಲ್ಲ ಎಂದು ಎರಡು ಸಲ ಬರೆದಿದ್ದೆ. ಮೆಚ್ಚಿ ಪತ್ರಗಳೂ ಬಂದಿದ್ದವು.

ಹೋದ ಬುಧವಾರ ಎಪ್ಪತ್ತು ದಾಟಿದ ಒಬ್ಬರು, ಆ ಹಳೆಯ ಅಂಕಣದ ಕತ್ತರಿಸಿದ ತುಂಡು ಹಿಡಿದುಕೊಂಡು ನಮ್ಮ ಚನ್ನಗಿರಿಯ ಮನೆಯ ಬಾಗಿಲಲ್ಲಿ ನಿಂತಿದ್ದರು. ನ್ಯಾಮತಿಯವರು. ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ಬಂದಿದ್ದರು. ಹೆಸರು ದಾದಾಪೀರ್, ಊರವರಿಗೆ ಮೈಕ್‌ಸೆಟ್ ಸಾಬ್ರು. ಸುತ್ತಲ ಹಳ್ಳಿಗಳ ಮದುವೆ, ಗೃಹಪ್ರವೇಶ, ಉರುಸು, ಗಣಪತಿ, ಎಲ್ಲದಕ್ಕೂ ನಲವತ್ತು ವರ್ಷ ಹಾರ್ನ್ ಸ್ಪೀಕರ್ ಕಟ್ಟಿದವರು.

"ಆ ಕ್ಯಾಸೆಟ್ ನನ್ ಹತ್ರಾನೂ ಐತ್ರಿ ಮೇಡಂ" ಎಂದು ಚೀಲದಿಂದ ತೆಗೆದರು. ಡಬ್ಬಿ ಇಲ್ಲ, ಲೇಬಲ್ ಇಲ್ಲ, ಮೈಯೆಲ್ಲ ಗೀರು. ಒಳಗಿನ ಟೇಪಿಗೆ ಅಲ್ಲಲ್ಲಿ ಸೆಲ್ಲೋ ಟೇಪಿನ ತೇಪೆ.

ವಿಷಯ ಇಷ್ಟು. ಯಾವ ಊರಿಗೆ ಹೋದರೂ ಅವರು ಮೊದಲು ಹಾಕುತ್ತಿದ್ದದ್ದು ಆ ಟೈಟಲ್ ಮ್ಯೂಸಿಕ್ಕನ್ನೇ. "ಮೊದ್ಲು ಕೊಳಲು ಬರ್ತೈತೆ, ಆಗ ಟ್ರೆಬಲ್ ನೋಡ್ಕಂತೀನಿ. ಆಮೇಲೆ ತಬಲಾ, ಬೇಸ್ ನೋಡ್ಕಂತೀನಿ. ಕೊನೀಗೆ ವಯಲಿನ್ನು ಎಲ್ಲಾ ಒಟ್ಟಿಗೆ ಏಳ್ತಾವಲ್ಲ, ಆಗ ಹಾರ್ನಿನ ದನಿ ಹರಿಬಾರ್ದು. ಅಷ್ಟಾದ್ರೆ ಸೆಟ್ ರೆಡಿ ಅಂತ ಲೆಕ್ಕ. ಅದು ಕೇಳಿದ್ರೆ ಊರಿನ ಹೆಂಗಸ್ರು, ಮದುವೆ ಶುರುವಾತು ಅಂತ ಸೀರೆ ಉಟ್ಕಣಾಕೆ ಹೋಗೋರು."

ಟೈಟಲ್ ಮ್ಯೂಸಿಕ್ಕನ್ನು ಹೀಗೆ ಕಿವಿಗೊಟ್ಟು ಕೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ಸಂಗೀತ ನಿರ್ದೇಶಕರೂ ಕೇಳಿದ್ದರೋ ಇಲ್ಲವೋ.

ದಿನಾ ಹಾಕಿ ಹಾಕಿ ಆ ಮೂರು ನಿಮಿಷದ ಟೇಪೇ ಹರಿಯುತ್ತಾ ಬಂದಿತ್ತು. ಹರಿದಲ್ಲೆಲ್ಲ ಕತ್ತರಿಸಿ ಅಂಟಿಸಿ, ಈಗ ತಬಲಾ ಪೂರ್ತಿ ಹೋಗಿದೆಯಂತೆ. ಅದೇ ಭಾನುವಾರ ಮೊಮ್ಮಗಳ ಮದುವೆ. ನನ್ನ ಅಂಕಣ ಕತ್ತರಿಸಿ ಇಟ್ಟುಕೊಂಡವಳೂ ಅವಳೇ. ಗಂಡಿನ ಕಡೆಯವರು ಡಿಜೆ ಕರೆಸುತ್ತಿದ್ದರಂತೆ.

"ಡಿಜೆ ಬರ್ಲಿ, ಬ್ಯಾಡ ಅನ್ನಲ್ಲ. ಅದಕ್ಕೆ ಮುಂಚೆ ಮೂರು ನಿಮಿಷ ನನ್ ಹಾರ್ನು ನುಡೀಬೇಕು. ಊರಿನೋರ ಮದುವೆಗೆಲ್ಲ ಹಾಕೀನಿ, ನನ್ ಮನೆ ಮದುವೆಗೆ ಇಲ್ಲ ಅಂದ್ರೆ ಹೆಂಗೆ? ನಿಮ್ದು ಒಂದ್ಸಲ ಹಾಕಿ, ರೆಕಾರ್ಡ್ ಮಾಡ್ಕಂಡು ವಾಪಸ್ ಕೊಡ್ತೀನಿ."

ನಾನು ಏನು ಹೇಳಿದೆ ಗೊತ್ತೇ? "ನೋಡೋಣ ಸಾಬ್ರೇ" ಎಂದೆ. ಇಲ್ಲ ಎನ್ನುವ ಧೈರ್ಯವಿಲ್ಲದವರು ಕಂಡುಹಿಡಿದ ಮಾತು ಅದು. ಟೀ ಕೊಟ್ಟೆ, ಲಗ್ನಪತ್ರಿಕೆ ಇಸಕೊಂಡೆ, ಕಳಿಸಿದೆ. ಕಳಿಸಿ ಗುಂಪಿನಲ್ಲಿ ಮತಕ್ಕೆ ಹಾಕಿದೆ.

ಉತ್ತರಗಳ ಸುರಿಮಳೆ. "ಇಂಥದ್ದು ಇನ್ನೊಂದು ಸಿಗಲ್ಲ." "ಸೀಲ್ ಹೋದರೆ ಎಲ್ಲಾ ಹೋದ ಹಾಗೆ." "ಅವರಿಗೆ ಬೇರೆ ಯಾವುದಾದರೂ ಮ್ಯೂಸಿಕ್ ಹಾಕಿಕೊಳ್ಳಲು ಹೇಳಿ." ಅಡ್ಮಿನ್ನರು ಇನ್ನೂ ಮುಂದೆ ಹೋಗಿ "ಇದು ನಮ್ಮ ಪರಂಪರೆ ಉಳಿಸುವ ಪ್ರಶ್ನೆ" ಎಂದು ಬರೆದರು. ಯಾವ ಪರಂಪರೆ? ಕೇಳದೆ ಇರುವ ಪರಂಪರೆಯೇ?

ಶನಿವಾರ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಒಂದು ಮಾತು ಹೇಳಿದರು. "ನಮ್ಮ ಕಾಲ ಆದ್ಮೇಲೆ ಇದೆಲ್ಲ ಗುಜರಿಯೋನಿಗೆ ಹೋಗೋದು. ಅವ್ನು ಸೀಲ್ ನೋಡಲ್ಲ, ತಕ್ಕಡಿಗೆ ಹಾಕ್ತಾನೆ."

ಔದಾರ್ಯದಿಂದ ಹೊರಟೆ ಎಂದುಕೊಳ್ಳಬೇಡಿ. ಆ ಮೂವತ್ತೆಂಟು ಜನರ ಮೇಲಿನ ಸಿಟ್ಟಿಗೆ ಹೊರಟೆ. ಭಾನುವಾರ ಬೆಳಗಿನ ಬಸ್ಸಿನಲ್ಲಿ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ, ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರ ಮೊಣಕೈ ತಾಗದ ಹಾಗೆ ಕಾಯ್ದುಕೊಂಡು ಹೋದೆ. ಚಿನ್ನ ಸಾಗಿಸುವವರೂ ಅಷ್ಟು ಹೆದರುವುದಿಲ್ಲ.

ಸಾಬರ ಮನೆಯಂಗಳದಲ್ಲಿ ಶಾಮಿಯಾನ ಎದ್ದಿತ್ತು. ಬೇವಿನ ಮರಕ್ಕೆ ಒಂದೇ ಒಂದು ಹಳೆಯ ಹಾರ್ನ್, ಹೊಸದಾಗಿ ಬೂದು ಬಣ್ಣ ಬಳಿದದ್ದು. ನನ್ನನ್ನು ಕಂಡವರೇ ಕುರ್ಚಿ ಒರೆಸಿ ಕೂರಿಸಿದರು. ಮದುಮಗಳು ಮೆಹಂದಿಯ ಕೈ ಹಾಗೇ ಮುಂದಕ್ಕೆ ಚಾಚಿಕೊಂಡು ಬಾಗಿಲಿಗೆ ಬಂದು, "ಅಜ್ಜ ರಾತ್ರಿ ನಿದ್ದೇನೆ ಮಾಡಿಲ್ಲ ಮೇಡಂ" ಎಂದಳು.

ಬ್ಲೇಡಿನಿಂದ ಸೀಲ್ ಕೊಯ್ದವಳು ನಾನೇ. ಡಬ್ಬಿ ತೆರೆದೆ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಕಪ್ಪು ಟೇಪಿನ ಅಂಚಿಗೆ ಬೆಳ್ಳಗೆ ಏನೋ ಕಂಡಿತು.

"ಬೂಷ್ಟು" ಎಂದರು ಸಾಬರು.

ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರು. ಬೆರಳು ತೂರಿಸಿ ಚಕ್ರ ತಿರುಗಿಸಿದರು, ತಿರುಗಲಿಲ್ಲ. ಮೆಲ್ಲಗೆ ತಟ್ಟಿದರು, ಸ್ವಲ್ಪ ಸಡಿಲವಾಯಿತು. ಬೆರಳಲ್ಲೇ ಟೈಟಲ್ ಮ್ಯೂಸಿಕ್ಕಿನ ಜಾಗಕ್ಕೆ ಸುತ್ತಿ, ಬಿ ಸೈಡು ಮೇಲೆ ಮಾಡಿ ಡೆಕ್ಕಿಗೆ ಹಾಕಿ ಒತ್ತಿದರು. ಮೇಲೆ ಬೇವಿನ ಮರದಿಂದ ಕೊಳಲು ಬಂತು. ಎರಡು ಸೆಕೆಂಡು ಇರಬಹುದು. ಆಮೇಲೆ ಕುಂಯ್ ಎಂದು ನರಳಿ ನಿಂತುಹೋಯಿತು. ವರ್ಷಗಟ್ಟಲೆ ಅಲುಗದೆ ಒಂದಕ್ಕೊಂದು ಅಂಟಿಕೊಂಡಿದ್ದ ಟೇಪು ತುಂಡಾಗಿತ್ತು. ತೆಗೆದು ನೋಡಿದರೆ ಕಂದು ಪುಡಿ ಅವರ ಬೆರಳಿಗೆ ಹತ್ತಿತ್ತು. ಸಂಗೀತ ಇದ್ದದ್ದು ಆ ಪುಡಿಯಲ್ಲೇ.

ನನಗೆ ಅಳು ಬಂತು. ಯಾವುದಕ್ಕೆ ಎಂದು ಆಗ ಗೊತ್ತಾಗಲಿಲ್ಲ. ಅಭ್ಯಾಸಬಲ ನೋಡಿ, ಆ ಸ್ಥಿತಿಯಲ್ಲೂ ಫೋಟೊ ತೆಗೆದು ಗುಂಪಿಗೆ ಹಾಕಿದೆ. ನಿಮಿಷದೊಳಗೆ ಅಡ್ಮಿನ್ನರ ಉತ್ತರ ಬಂತು. ಬೈಯುತ್ತಾರೆ ಎಂದುಕೊಂಡಿದ್ದೆ. "ಕವರ್ ಚೆನ್ನಾಗಿ ಐತಲ್ಲ ಮೇಡಂ, ಮತ್ತೆ ಸೀಲ್ ಹಾಕಿಸಿಬಿಡಿ. ಯಾರು ಬಿಚ್ಚಿ ನೋಡ್ತಾರೆ?" ಮೂವತ್ತೆಂಟು ಜನರ ಪೈಕಿ ಎಷ್ಟು ಜನರ ಶೋಕೇಸಿನಲ್ಲಿ ಹೀಗೆ ಎರಡನೇ ಸಲ ಸೀಲ್ ಆದ ಪರಂಪರೆ ಕೂತಿದೆಯೋ. ಅಲ್ಲಿಂದಲೇ ಗುಂಪು ಬಿಟ್ಟೆ.

ಅಷ್ಟರಲ್ಲಿ ಸಾಬರು ತಮ್ಮ ಹಳೆಯ ಕ್ಯಾಸೆಟ್ಟನ್ನೇ ಡೆಕ್ಕಿಗೆ ಹಾಕಿದ್ದರು. ಕೊಳಲು ಬಂತು. ತಬಲಾ ಇಲ್ಲ. ಕೊಳಲಿನಿಂದ ನೇರ ವಯಲಿನ್ನುಗಳಿಗೆ ಹಾರಿ, ಕರಕರ ಅನ್ನುತ್ತಾ, ಹಾರ್ನ್ ಹರಿಯದ ಹಾಗೆ ಮೇಲೆದ್ದು ಮುಗಿಯಿತು. ಒಂದು ನಿಮಿಷವೂ ಇರಲಿಲ್ಲ. ಎದುರು ಮನೆಯ ಅಜ್ಜಿಯೊಬ್ಬರು ಬಾಗಿಲಿಗೆ ಬಂದು "ಶುರುವಾತೇನೋ ದಾದಾಪೀರಾ? ತಡಿ, ಸೀರೆ ಉಟ್ಕಂಡು ಬರ್ತೀನಿ" ಎಂದು ಒಳಗೆ ಹೋದರು.

ಬೀದಿಯ ಕೊನೆಯಲ್ಲಿ ಡಿಜೆಯ ಲಾರಿ ತಿರುಗುತ್ತಿತ್ತು. ಸಾಬರು ನನ್ನ ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

"ನಂದು ಹಾಕಿ ಹಾಕಿ ಹರೀತು ಮೇಡಂ. ನಿಮ್ದಕ್ಕೆ ಏನಾಗಿತ್ತು?"