ಕಾಫಿ ಪಾತ್ರೆ ಹಿಡಿದು ಓಡಿದವನು

ಎರ್ಕೊಲಾನೊ ಊರಿನ ಬೀದಿಯಲ್ಲಿ ದೊಡ್ಡ ಲಾರಿ ಹೋಗಿ ಕಾಫಿ ಬಾರಿನ ಲೋಟಗಳು ಕಿಣಿಕಿಣಿ ಎಂದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅನಿಯೆಲ್ಲೊ, ಕಾಫಿ ಪಾತ್ರೆ ಎತ್ಕೊಳಪ್ಪ." ಎಲ್ಲರ ಜೊತೆ ಅನಿಯೆಲ್ಲೊನೂ ನಗುತ್ತಾನೆ. ಜೀವಮಾನವೆಲ್ಲ ಬಸ್ಸು ಓಡಿಸಿದವನನ್ನು ಊರು ನೆನಪಿಟ್ಟುಕೊಂಡಿರುವುದು ಅವನೇ ಓಡಿದ ಒಂದು ಓಟಕ್ಕಾಗಿ.

ಎಂಬತ್ತನೇ ಇಸವಿಯ ಭೂಕಂಪದ ಸಂಜೆ ಅದು. ಮದುವೆಯಾದ ಹೊಸತು. ಹೆಂಡತಿ ಟಿಟೀನಾ ದೊಣ್ಣೆಮೆಣಸಿನಕಾಯಿ ಹುರಿಯುತ್ತಿದ್ದಳು. ಗೋಡೆ ಓಲಾಡಿದ್ದೇ ತಡ, ಇವನು ಬನಿಯನ್ನಿನಲ್ಲೇ ಮಹಡಿಗಳನ್ನೆಲ್ಲ ಇಳಿದು ಬೀದಿ ಸೇರಿದ್ದ. ಕೈಯಲ್ಲಿ ಕಾಫಿ ಪಾತ್ರೆ ಇತ್ತು, ಹೆಂಡತಿ ಮೇಲೆಯೇ ಉಳಿದಿದ್ದಳು. ನಡುಕ ನಿಂತ ಮೇಲೆ ಅವಳು ಬಾಲ್ಕನಿಯಿಂದ ಬಗ್ಗಿ ಕೇಳಿದಳಂತೆ: "ಸಕ್ಕರೆ ಬೇಡ್ವಾ?"

ಈ ಕತೆಯನ್ನು ಊರಿಗೆಲ್ಲ ಹಂಚಿದವಳೂ ಅವಳೇ. ಆದರೆ ಅಂದಿನಿಂದ ಬಾಗಿಲ ಪಕ್ಕದ ಮೊಳೆಯಲ್ಲಿ, ನೆಲ ನಡುಗಿದರೆ ಎತ್ತಿಕೊಂಡು ಹೊರಡಲು, ಅವಳದೊಂದು ಚೀಲ ನೇತಾಡುತ್ತದೆ. ಟಾರ್ಚು, ಗುಳಿಗೆ, ಒಂದು ಜೊತೆ ಶೂ, ಎಲ್ಲ ಒಬ್ಬಳಿಗಾಗುವಷ್ಟೇ. ಅದನ್ನು ಕಂಡಾಗಲೆಲ್ಲ ಅನಿಯೆಲ್ಲೊನ ನಗು ಅಡಗುತ್ತದೆ. ಇನ್ನೊಮ್ಮೆ ನೆಲ ನಡುಗಿದರೆ ತಾನು ಇನ್ನೊಮ್ಮೆ ಅವಳನ್ನು ಬಿಟ್ಟು ಓಡುತ್ತೇನೆ ಎಂಬುದೇ ಅವನ ಭಯ. ಬೆಂಕಿ ಕಾರುವ ವೆಸೂವಿಯೊ ಬೆಟ್ಟದ ಭಯವೂ ಅದರ ಮುಂದೆ ಸಣ್ಣದು.

ಮನೆಯ ಹಿಂದೆ ಆಳದಲ್ಲಿ ರೋಮನ್ನರ ಹಳೆಯ ಪಟ್ಟಣ. ಆ ಬೆಟ್ಟವೇ ಸಿಡಿದು ಹೂತುಹಾಕಿದ್ದನ್ನು ಆಮೇಲಿನವರು ಅಗೆದು ತೆಗೆದಿದ್ದಾರೆ. ಟಿಟೀನಾ ಅದರ ನೆತ್ತಿಯ ಮೇಲೇ ಬಟ್ಟೆ ಒಣಹಾಕುತ್ತಾಳೆ. ಆದರೂ ಗಂಡ ಹೆಂಡತಿ ಒಮ್ಮೆಯೂ ಅಲ್ಲಿಗೆ ಇಳಿದಿರಲಿಲ್ಲ. ಟಿಕೆಟ್ಟಿಲ್ಲದೆ ಒಳಗೆ ಬಿಡುವ ಒಂದು ಭಾನುವಾರ ಅವಳು ಹಟ ಹಿಡಿದಳು.

"ಜಪಾನಿಂದ ಬರ್ತಾರೆ ಜನ. ನಿಂಗೆ ಮೆಟ್ಲಿಳಿಯಕ್ಕೆ ಭಯ."

"ಮಂಡಿ ನೋವು ಕಣೇ."

"ಎಂಬತ್ರಲ್ಲಿ ಮಂಡಿ ಚೆನ್ನಾಗೇ ಇತ್ತಲ್ಲ."

ಪ್ರವಾಸಿಗರಂತೆ ಟೋಪಿ ಹಾಕಿಕೊಂಡು ಹೊರಟರು. ಟಿಟೀನಾ ಸತ್ತವರ ಅಡುಗೆಮನೆಗಳಿಗೆಲ್ಲ ಇಣುಕಿ, ತನ್ನದಕ್ಕಿಂತ ದೊಡ್ಡವು ಎಂದು ಗೊಣಗಿದಳು. ಅನಿಯೆಲ್ಲೊ ನೋಡಿದ್ದು ಹೊರಗೆ ಹೋಗುವ ದಾರಿಗಳನ್ನು ಮಾತ್ರ.

ಕೊನೆಗೆ ಹಳೆಯ ಕಡಲತಡಿಗೆ ಇಳಿದರು. ದೋಣಿ ಇಡುತ್ತಿದ್ದ ಕಮಾನುಗಳ ಒಳಗೆ ಅಸ್ಥಿಪಂಜರಗಳು. ದೋಣಿ ಬರುತ್ತದೆಂದು ಕಾದವರು ಒಬ್ಬರ ಹೆಗಲಲ್ಲೊಬ್ಬರು ಮುಖ ಹುದುಗಿಸಿಕೊಂಡು ಸತ್ತಿದ್ದರು. ಒಬ್ಬಂಟಿಯಾಗಿ ಉಳಿದವರು ಯಾರಾದರೂ ಇದ್ದಾರಾ ಎಂದು ಅನಿಯೆಲ್ಲೊ ಹುಡುಕಿದ.

ಆಗ ನೆಲ ಅದುರಿತು.

ಮೇಲಿಂದ ಮಣ್ಣು ಉದುರಿತು. ಪಾರಿವಾಳಗಳು ಎದ್ದವು. ಜನ ಕಿರುಚುತ್ತ ಏರುದಾರಿಗೆ ನುಗ್ಗಿದರು. ಓಡು, ಓಡು ಎಂದಿತು ಅನಿಯೆಲ್ಲೊನ ಜೀವ. ಕಾಲು ಕೇಳಲಿಲ್ಲ. ಟಿಟೀನಾ ಪಕ್ಕದಲ್ಲಿದ್ದಾಳೆ ಎಂಬುದೂ ಅವನ ತಲೆಯಲ್ಲಿರಲಿಲ್ಲ. ಕಾಲು ಬಂದಿದ್ದರೆ ಅವಳನ್ನು ತಳ್ಳಿಕೊಂಡೇ ಓಡುತ್ತಿದ್ದ.

ಅದುರು ನಿಂತಾಗ ಅಲ್ಲಿ ಉಳಿದಿದ್ದವರು ಅವರಿಬ್ಬರೇ. ಕಂಬಿ ಹಿಡಿದುಕೊಂಡಿದ್ದ ಟಿಟೀನಾ ಮೆಲ್ಲಗೆ ತಿರುಗಿ ಅವನನ್ನೇ ನೋಡಿದಳು.

"ನೀನು ಓಡ್ಲಿಲ್ಲ," ಎಂದಳು.

ಅವನು ಬಗ್ಗಿ ಮರಗಟ್ಟಿದ ಕಾಲು ಉಜ್ಜಿಕೊಂಡ.

ಸಂಜೆಗೆ ಬಾರಿನಲ್ಲಿ ಟಿಟೀನಾಳ ಹೊಸ ಕತೆ. "ಎಲ್ರೂ ಬಿದ್ದಂಬೀಳ ಓಡಿದ್ರು. ಇವನು ನನ್ನ ಪಕ್ಕ ಬಂಡೆ ಥರ ನಿಂತಿದ್ದ." ಬಾರಿನವನು ದುಡ್ಡು ತೆಗೆದುಕೊಳ್ಳದೆ ಕಾಫಿ ಕೊಟ್ಟ. ಪಾತ್ರೆಯ ಮಾತನ್ನು ಯಾರೂ ಎತ್ತಲಿಲ್ಲ. ನಿಜ ಹೇಳಿಬಿಡೋಣ ಎಂದು ಅನಿಯೆಲ್ಲೊ ಬಾಯಿ ತೆರೆದ. ಹೆಂಡತಿಯ ಮುಖದಲ್ಲಿ ಮದುವೆಯ ದಿನದ ಕಳೆ ಇತ್ತು. ಸುಮ್ಮನೆ ಕಾಫಿ ಕುಡಿದ.

ಮನೆಗೆ ಬಂದವಳೇ ಟಿಟೀನಾ ಮೊಳೆಯಿಂದ ಚೀಲ ಇಳಿಸಿದಳು. ಗುಳಿಗೆ ಕಪಾಟಿಗೆ ಹೋಯಿತು, ಶೂ ಮಂಚದಡಿಗೆ.

"ಇರ್ಲಿ ಬಿಡೇ ಅದು, ಅಲ್ಲೇ ಇರ್ಲಿ," ಎಂದ ಅನಿಯೆಲ್ಲೊ.

"ಇನ್ಯಾಕೋ? ನೀನಿದೀಯಲ್ಲ."

ಅವಳು ಖಾಲಿ ಚೀಲವನ್ನು ಮಡಚಿ ಅಟ್ಟಕ್ಕೆಸೆದಳು. ಬರಿದಾದ ಮೊಳೆಯನ್ನೇ ನೋಡುತ್ತ ನಿಂತ ಅನಿಯೆಲ್ಲೊನಿಗೆ ಜನ್ಮದಲ್ಲಿ ಅಂಥ ಭಯ ಆಗಿರಲಿಲ್ಲ.